ತಿರುಗಿ ಕೂತ ಪ್ಲೇಟು

‘ಇವನ ಕೈ ಬಂಗಾರ ಕಣ್ರೀ, ಕಾಲು ಮಾತ್ರ ಕಟ್ಟಿಗೆ.’

ಭಾವ ಈ ಮಾತು ಹೇಳಿ ಇಪ್ಪತ್ತಾರು ವರ್ಷವಾಯಿತು. ಹೇಳಿದ ಭಾವ ಸತ್ತು ಮೂರು ತಿಂಗಳಾಯಿತು. ಮಾತು ಮಾತ್ರ ಸಾಯಲಿಲ್ಲ. ಈಗಲೂ ಬೆಳಿಗ್ಗೆ ಶೆಡ್ಡಿನ ಬಾಗಿಲೆತ್ತುವಾಗ ಅದು ನೆನಪಾದರೆ ಸಿಡುಕ ಮೇಸ್ತ್ರಿಯ ಕಿವಿ ಬಿಸಿಯಾಗುತ್ತದೆ. ದಾರಿಹೋಕರು ಯಾರಾದರೂ ಅಂದಿದ್ದರೆ ಎಡಗೈಯಲ್ಲಿ ತಳ್ಳಿ ಮರೆಯುತ್ತಿದ್ದ. ಅಂದದ್ದು ಸ್ವಂತ ಅಕ್ಕನ ಗಂಡ, ಕೆಲಸ ಕಲಿಸಿದ ಗುರು. ಅದೂ ನಾಲ್ಕು ಜನ ಗಿರಾಕಿಗಳ ಮುಂದೆ, ನಗುತ್ತಾ. ಸಿಟ್ಟಿನಲ್ಲಿ ಅಂದಿದ್ದರೂ ಸಹಿಸಬಹುದಿತ್ತು, ನಕ್ಕಿದ್ದೇ ತಪ್ಪು.

ಆ ಬೀದಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಬೆನ್ನ ಹಿಂದೆ ಸಿಡುಕ, ಎದುರಿಗೆ ಮೇಸ್ತ್ರಿ. ಎದುರುಗಡೆ ಟೈರ್ ಅಂಗಡಿ ಇಟ್ಟವನು ಹೇಳುತ್ತಿದ್ದ, ‘ಮೇಸ್ತ್ರಿ ಶೆಡ್ಡಿಗೆ ವೆಲ್ಡಿಂಗ್ ಮೆಷೀನ್ ದಂಡ. ಅವನ ಮೂಗಿನ ತುದಿಗೆ ಎರಡು ತಗಡು ಹಿಡಿದ್ರೆ ಸಾಕು, ಅಂಟ್ಕೊಳ್ತವೆ.’ ಶಾಲೆ ಅವನಿಗೆ ಒಗ್ಗಲಿಲ್ಲ, ಅವನು ಶಾಲೆಗೆ ಒಗ್ಗಲಿಲ್ಲ. ಅಪ್ಪ ಹೊಡೆದು ಹೊಡೆದು ಸೋತ ಮೇಲೆ ಅಕ್ಕನೇ ಗಂಡನಿಗೆ ಹೇಳಿ ಶೆಡ್ಡಿಗೆ ಸೇರಿಸಿದ್ದಳು. ಅಲ್ಲಿಂದ ಮುಂದೆ ಅನ್ನ, ಬುದ್ಧಿ, ಕೈಗೆ ಅಂಟಿದ ಕರಿ ಗ್ರೀಸು ಎಲ್ಲವೂ ಭಾವನದೇ.

ಗೇರ್ ಗಟ್ಟಿಯಾಗಿದೆ ಎಂದು ಬಂದ ಗಾಡಿಯನ್ನು ನೋಡುವುದರಲ್ಲಿ ಮಾತ್ರ ಇಬ್ಬರದೂ ಎರಡು ದಾರಿ. ಭಾವ ಗಾಡಿ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದ. ಯಾರದೋ ಮನೆಯೊಳಗೆ ಹೋಗುವವನ ಹಾಗೆ ಎರಡೂ ಚಪ್ಪಲಿಯನ್ನು ಬಾಗಿಲ ಕೆಳಗೆ ಜೋಡಿಸಿಟ್ಟು, ಬರಿಗಾಲನ್ನು ಕ್ಲಚ್ ಪೆಡಲ್ ಮೇಲೆ ಇಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದ. ಮೊದಲು ಇಂಜಿನ್ ಆಫ್ ಮಾಡಿ ಒಂದರಿಂದ ರಿವರ್ಸ್‌ವರೆಗೆ ಎಲ್ಲ ಗೇರನ್ನೂ ಒಂದೊಂದಾಗಿ ಹಾಕಿ ತೆಗೆಯುವುದು. ಆಮೇಲೆ ಸ್ಟಾರ್ಟ್ ಮಾಡಿ ಅದನ್ನೇ ಮತ್ತೊಮ್ಮೆ.

‘ಇಂಜಿನ್ ನಿಂತಾಗ ಬೆಣ್ಣೆ, ನಡೀವಾಗ ಕಲ್ಲು ಅಂದ್ರೆ ಗೇರ್ ಬಾಕ್ಸಿಂದೇನೂ ತಪ್ಪಿಲ್ಲ ಕಣೋ. ಕ್ಲಚ್ ಪೂರ್ತಿ ಬಿಡ್ತಾ ಇಲ್ಲ. ಅದು ಯಾಕೆ ಬಿಡ್ತಾ ಇಲ್ಲ ಅಂತ ಕಾಲು ಹೇಳುತ್ತೆ. ಎರಡು ಸಲವೂ ಕಲ್ಲೇ ಆದ್ರೆ ಮಾತ್ರ ಬಾಕ್ಸಿಗೆ ಕೈ ಹಾಕು,’ ಎನ್ನುತ್ತಿದ್ದ. ‘ಚಪ್ಪಲಿ ಹಾಕಿದ ಕಾಲಿಗೆ ಕಿವಿ ಇರಲ್ಲ.’

ಮೇಸ್ತ್ರಿಗೆ ಅಷ್ಟು ವ್ಯವಧಾನ ಎಲ್ಲಿಯದು? ಅವನು ಗಾಡಿಯೊಳಗೆ ಕೂರುತ್ತಲೇ ಇರಲಿಲ್ಲ. ಗಿರಾಕಿಯನ್ನೇ ಕ್ಲಚ್ ಒತ್ತಿಕೊಂಡು ಕೂರಲು ಹೇಳಿ, ಕಿಟಕಿಯಿಂದ ಕೈ ತೂರಿಸಿ, ಗೇರ್ ರಾಡನ್ನು ಒಮ್ಮೆ ಎಳೆದು ಕಿವಿ ಕೊಡುತ್ತಿದ್ದ. ‘ಮೂರನೇ ಗೇರಿನ ರಿಂಗು ಹೋಗಿದೆ. ಸಂಜೆ ಬನ್ನಿ.’ ಹತ್ತರಲ್ಲಿ ಒಂಬತ್ತು ಸಲ ಅದು ನಿಜವೇ ಆಗಿರುತ್ತಿತ್ತು. ಹತ್ತನೆಯದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಭಾವ ಹಿಡಿಯುತ್ತಿದ್ದ. ಕಟ್ಟಿಗೆ ಕಾಲಿನ ಮಾತು ಹುಟ್ಟಿದ್ದು ಅಂಥ ಒಂದು ಹತ್ತನೆಯ ಗಾಡಿಯಿಂದಲೇ.

ಆದರೂ ಹದಿನೈದು ವರ್ಷ ಇಬ್ಬರೂ ಒಂದೇ ಶೆಡ್ಡಿನಲ್ಲಿ, ಒಂದೇ ಗಾಡಿಯ ಕೆಳಗೆ, ತಲೆಗೆ ತಲೆ ತಾಗಿಸಿಕೊಂಡು ಮಲಗಿ ದುಡಿದರು. ಹನ್ನೊಂದು ವರ್ಷದ ಹಿಂದೆ ನರ್ಸಮ್ಮನ ಗಾಡಿ ಬರುವ ತನಕ.

ನರ್ಸಮ್ಮ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನವಳು. ಇಲಿ ಬಣ್ಣದ ಪುಟ್ಟ ಹಳೇ ಕಾರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದವಳೇ ಶುರು ಮಾಡಿದಳು.

‘ಮೇಸ್ತ್ರೀ, ಮೊದಲನೇ ಗೇರು ಬೀಳಲ್ಲ, ರಿವರ್ಸು ಅಂದ್ರೆ ಕಿರುಚುತ್ತೆ. ವಾರ್ಡಿಂದ ಫೋನ್ ಬಂದು ನಾನು ಗಾಡಿ ಆಚೆ ತೆಗೆಯೋಷ್ಟರಲ್ಲಿ ಮಗು ಹುಟ್ಟಿ ನಡೆಯೋದು ಕಲಿತಿರುತ್ತೆ. ಏನಾದ್ರೂ ಮಾಡಿ.’

ಮೇಸ್ತ್ರಿ ಕಿಟಕಿಯಿಂದ ಕೈ ತೂರಿಸಿದ, ರಾಡ್ ಎಳೆದ, ಕರ್‌ರ್ ಎಂದಿತು. ‘ಒಳಗೆ ರಿಂಗು ಸವೆದಿದೆ ನರ್ಸಮ್ಮ. ಬಾಕ್ಸ್ ಇಳಿಸಬೇಕು.’

ಭಾವ ಒಳಗಿನಿಂದ ಯಾವುದೋ ಬೋಲ್ಟ್ ತಿಕ್ಕುತ್ತಲೇ ಕೇಳಿದ, ‘ಕಾಲು ಹಾಕಿ ನೋಡಿದ್ಯೇನೋ?’

‘ನೋಡಿದೆ ಭಾವ.’

ನೋಡಿರಲಿಲ್ಲ. ಆದರೆ ಭಾವ ನಂಬಿದ. ನೋಡಿದೆ ಅಂದ ಮೇಲೆ ಮತ್ತೆ ತಾನು ಹತ್ತಿ ನೋಡಿದರೆ ಹುಡುಗನಿಗೆ ಅವಮಾನ ಎನ್ನುವ ಮರ್ಯಾದೆ ಆ ಮನುಷ್ಯನದು. ಮೂವತ್ತೇಳು ವರ್ಷ ದಾಟಿದರೂ ಅವನ ಕಣ್ಣಿಗೆ ಇವನು ಹುಡುಗನೇ.

ಬಾಕ್ಸ್ ಇಳಿಸಿದರು. ರಿಂಗುಗಳು ಸವೆದಿದ್ದವು. ಅಷ್ಟು ಹಳೇ ಗಾಡಿಯಲ್ಲಿ ಸವೆಯದೆ ಇನ್ನೇನು! ‘ನೋಡಿದ್ರಾ ಭಾವ’ ಎಂದು ಮೇಸ್ತ್ರಿ ಎತ್ತಿ ತೋರಿಸಿದ. ಹೇಗೂ ಇಳಿಸಿದ್ದಾಯಿತಲ್ಲ ಎಂದು ಕ್ಲಚ್ ಪ್ಲೇಟನ್ನೂ ಹೊಸದು ತಂದರು. ಪ್ಲೇಟಿಗೆ ಎರಡು ಮುಖ. ಒಂದು ಕಡೆ ನಡುವೆ ಉಬ್ಬಿರುತ್ತದೆ, ಇನ್ನೊಂದು ಕಡೆ ಚಪ್ಪಟೆ. ಆ ಗಾಡಿಯಲ್ಲಿ ಉಬ್ಬು ಗೇರ್ ಬಾಕ್ಸಿನ ಕಡೆಗೇ ಬರಬೇಕು. ತಿರುಗಿಸಿ ಕೂರಿಸಿದರೆ ಕ್ಲಚ್ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಮೇಸ್ತ್ರಿ ಆಯಿಲ್ ಸೀಲ್ ತರಲು ಹೋಗಿದ್ದಾಗ ಭಾವ ಒಬ್ಬನೇ ಆ ಪ್ಲೇಟ್ ಕೂರಿಸಿದ. ಗಾಡಿ ತೊಳೆದು, ಒಳಗಿನ ಮ್ಯಾಟುಗಳನ್ನು ಗೋಡೆಗೆ ಒಣಹಾಕಿ, ಮೇಸ್ತ್ರಿ ಒಂದು ಸುತ್ತು ಹೊಡೆದು ಬಂದ. ಗೇರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬೀಳುತ್ತಿತ್ತು. ಒಣಗಿದ ಮ್ಯಾಟುಗಳನ್ನು ಸುತ್ತಿ ಹಿಂದಿನ ಸೀಟಿಗೆ ಹಾಕಿ ನರ್ಸಮ್ಮನನ್ನು ಕಳಿಸಿಕೊಟ್ಟ.

ಹದಿನೈದನೇ ದಿನ ನರ್ಸಮ್ಮ ಮತ್ತೆ ಬಂದಳು.

‘ಮನೆಗೆ ಹೋದ ಮಾರನೇ ದಿನದಿಂದ ಅದೇ ಹಳೇ ರಾಗ ಮೇಸ್ತ್ರಿ. ರಜೆ ಸಿಗದೆ ಹಾಗೇ ಓಡಿಸ್ತಿದ್ದೆ. ಏನು ಮಾಡಿದ್ರೋ ಏನೋ ನೀವು.’

ಶನಿವಾರ ಸಂಜೆ. ಶೆಡ್ಡಿನಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಟೈರಿನವನು ಎಲ್ಲಿ ಜಗಳದ ವಾಸನೆ ಬಂದರೂ ಅಲ್ಲಿ ಹಾಜರ್, ಅವನೂ ಬಂದು ಕಂಬಕ್ಕೆ ಒರಗಿದ. ಮೇಸ್ತ್ರಿ ಕಿಟಕಿಯಿಂದ ಕೈ ತೂರಿಸಿದ. ಕರ್‌ರ್. ಅವನ ಕತ್ತಿನ ನರ ಎದ್ದಿತು.

‘ಪ್ಲೇಟ್ ಯಾರು ಕೂರಿಸಿದ್ದು?’

‘ನಾನೇ ಕಣೋ. ಯಾಕೆ?’ ಭಾವ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ. ‘ಇರು, ಅವಸರ ಬೇಡ. ಕಾಲು ಹಾಕಿ ನೋಡಿದ್ಯಾ?’

‘ಕಾಲು, ಕಾಲು, ಕಾಲು! ಇನ್ನೆಷ್ಟು ವರ್ಷ ಈ ಕಾಲಿನ ಪುರಾಣ? ನಿನಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತೆ. ಉಬ್ಬು ಯಾವ ಕಡೆ ಅಂತ ನೋಡದೆ ತಿರುಗಿಸಿ ಕೂರಿಸಿದ್ದೀಯ. ನಿನ್ನ ಕೈಲಿ ಇನ್ನು ಆಗಲ್ಲ. ಹೋಗು, ಮನೇಲಿ ಕೂತು ಮೊಮ್ಮಕ್ಕಳ ತೊಟ್ಟಿಲು ತೂಗು!’

ಅಷ್ಟು ವರ್ಷದಲ್ಲಿ ಮೇಸ್ತ್ರಿ ಭಾವನನ್ನು ‘ನೀನು’ ಎಂದದ್ದು ಅದೇ ಮೊದಲು. ಟೈರಿನವನು ಕಂಬ ಬಿಟ್ಟು ನೆಟ್ಟಗೆ ನಿಂತ. ನರ್ಸಮ್ಮ ‘ಅಯ್ಯೋ ಬಿಡಿ, ದೊಡ್ಡವರು’ ಎಂದಳು. ಭಾವ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿ ಮುಗಿಸಿದ. ಬಟ್ಟೆಯನ್ನು ಮಡಿಸಿ ಬೆಂಚಿನ ಮೇಲಿಟ್ಟ. ‘ಬಿಚ್ಚಿ ನೋಡು,’ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಭಾನುವಾರ ಬೀದಿಯೆಲ್ಲ ಬಾಗಿಲು ಹಾಕಿತ್ತು. ಮೇಸ್ತ್ರಿ ಒಬ್ಬನೇ ಶೆಡ್ಡಿನ ಬಾಗಿಲನ್ನು ಅರ್ಧಕ್ಕೆ ಎತ್ತಿ ಒಳಗೆ ನುಗ್ಗಿ, ಗಾಡಿಗೆ ಜಾಕ್ ಕೊಟ್ಟು, ಇಬ್ಬರು ಮಾಡುವ ಕೆಲಸವನ್ನು ಒಬ್ಬನೇ ಎದೆಯ ಮೇಲೆ ಹೊತ್ತುಕೊಂಡು ಬಾಕ್ಸ್ ಇಳಿಸಿದ. ಬಡಿದಾಡಿ ಪ್ಲೇಟ್ ತೆಗೆಯುವ ಹೊತ್ತಿಗೆ ಮಧ್ಯಾಹ್ನ. ಟಾರ್ಚ್ ಹಿಡಿದು ನೋಡಿದ.

ಉಬ್ಬು ಗೇರ್ ಬಾಕ್ಸಿನ ಕಡೆಗೇ ಇತ್ತು. ಭಾವನ ಕೈ ಎಲ್ಲಿ ಹೇಗೆ ಕೂರಿಸಬೇಕಿತ್ತೋ ಹಾಗೇ ಕೂರಿಸಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆ ಕ್ಷಣದಲ್ಲಿ ಅವನಿಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು, ಪ್ಲೇಟಿನ ಮೇಲೆ. ಒಂದು ಸಲ ತಿರುಗಿ ಕೂತಿದ್ದರೆ ಇದಕ್ಕೇನು ಗಂಟು ಹೋಗುತ್ತಿತ್ತು? ಮತ್ತೆ ಎಲ್ಲವನ್ನೂ ಜೋಡಿಸಿದ. ಕೆಳಗಿನಿಂದ ತೆವಳಿ ಬಂದಾಗ ಚಪ್ಪಲಿಯ ತಳಕ್ಕೆಲ್ಲ ಗೇರ್ ಆಯಿಲ್ ಮೆತ್ತಿ ಜಾರುತ್ತಿತ್ತು. ಅದನ್ನು ಮೂಲೆಗೆ ಒದ್ದು, ಬರಿಗಾಲಲ್ಲಿ ಸೀಟಿನ ಮೇಲೆ ಕುಸಿದು ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದ.

ಆಗ ಕಾಲಿಗೆ ಗೊತ್ತಾಯಿತು.

ಪೆಡಲ್ ಕೆಳಗೆ ಹೋಗಿ ನಿಂತದ್ದು ಗಟ್ಟಿ ಜಾಗದಲ್ಲಲ್ಲ, ಮೆತ್ತಗಿನ ಯಾವುದರ ಮೇಲೋ. ದಿಂಬಿನ ಮೇಲೆ ಕಾಲಿಟ್ಟ ಹಾಗೆ. ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದ, ಬೆಣ್ಣೆ. ಬಗ್ಗಿ ಪೆಡಲ್ ಕೆಳಗೆ ಕೈ ಹಾಕಿದ. ಒಂದು ರಬ್ಬರ್ ಮ್ಯಾಟು. ಅದರ ಕೆಳಗೆ ನಾರಿನ ದಪ್ಪ ಕಾಲೊರಸು. ಅದರ ಕೆಳಗೆ ಇನ್ನೊಂದು ರಬ್ಬರ್ ಮ್ಯಾಟು. ಹಳೇ ಗಾಡಿಯ ನೆಲ ತುಕ್ಕು ಹಿಡಿದು ತೂತಾಗಿ ನೀರು ಬರುತ್ತದೆ ಎಂದು ನರ್ಸಮ್ಮ ಒಂದರ ಮೇಲೊಂದು ಹೇರಿಕೊಂಡಿದ್ದಳು. ಎರಡು ಬೆರಳು ದಪ್ಪ. ಪೆಡಲ್ ಅಷ್ಟು ಮೊದಲೇ ನಿಂತುಬಿಡುತ್ತಿತ್ತು. ಕ್ಲಚ್ ಮುಕ್ಕಾಲು ಬಿಟ್ಟು ಕಾಲು ಭಾಗ ಹಿಡಿದುಕೊಂಡೇ ಇರುತ್ತಿತ್ತು. ಮೊದಲ ಸಲ ಗಾಡಿ ಸರಿ ಹೋದದ್ದು ಯಾಕೆ ಎಂಬುದೂ ಈಗ ತಿಳಿಯಿತು. ಅವತ್ತು ಈ ಮೂರೂ ಗೋಡೆಯ ಮೇಲೆ ಒಣಗುತ್ತಿದ್ದವು. ಮಾರನೇ ದಿನ ಮಹಾತಾಯಿ ಅವನ್ನು ಮೊದಲಿದ್ದ ಹಾಗೇ ಹಾಸಿಕೊಂಡಿದ್ದಳು.

ಮೂರನ್ನೂ ಎಳೆದು ಹೊರಗೆಸೆದು ಮತ್ತೆ ಸ್ಟಾರ್ಟ್ ಮಾಡಿದ. ಗೇರು ಸದ್ದಿಲ್ಲದೆ ಬಿತ್ತು. ಬಾಕ್ಸ್ ಎರಡು ಸಲ ಇಳಿಸಿದ ಗಾಡಿ ಅದು. ಭಾವ ಹತ್ತಿ ಕೂತಿದ್ದರೆ ಒಂದು ನಿಮಿಷದ ಕೆಲಸ.

ಆ ಹೊತ್ತಿಗೇ ಎದ್ದು, ಕೈ ಕೂಡ ತೊಳೆಯದೆ ಅಕ್ಕನ ಮನೆಗೆ ಹೋಗಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ನಡೆದು ಹೋದರೂ ಇಪ್ಪತ್ತು ನಿಮಿಷ. ಹೊರಡಲೂ ಹೊರಟ. ಬಾಗಿಲವರೆಗೆ ಹೋದವನಿಗೆ ಟೈರಿನವನ ಹಲ್ಲು ಕಣ್ಣಮುಂದೆ ಬಂತು. ನಾಳೆಯಿಂದ ಇಡೀ ಬೀದಿ ಹೇಳುತ್ತದೆ, ಬಂಗಾರದ ಕೈ ಎರಡು ಸಲ ಬಾಕ್ಸ್ ಇಳಿಸಿತಂತೆ, ಕಾಲೊರಸಿಗೆ! ಕಟ್ಟಿಗೆ ಕಾಲಿನ ಮಾತು ಆಗ ಬರೀ ಮಾತಾಗಿ ಉಳಿಯುವುದಿಲ್ಲ. ನಾಳೆ ಹೇಳಿದರಾಯಿತು, ಭಾವ ಒಬ್ಬನೇ ಇದ್ದಾಗ, ಎಂದುಕೊಂಡ. ನೆಲದ ತೂತಿಗೆ ತಗಡು ಬೆಸೆದು, ಮ್ಯಾಟು, ಕಾಲೊರಸುಗಳನ್ನು ಸುತ್ತಿ ಶೆಡ್ಡಿನ ಅಟ್ಟಕ್ಕೆಸೆದು, ಬಾಗಿಲೆಳೆದು ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ನರ್ಸಮ್ಮ ಬಂದಳು. ಟೈರಿನವನೂ ಬಂದ, ಪಕ್ಕದ ಬಣ್ಣದ ಅಂಗಡಿಯವನೂ ಬಂದ. ಭಾವ ಬಂದಿರಲಿಲ್ಲ.

‘ಆಹಾ, ಹೂವಿನ ಹಾಗೆ ಬೀಳ್ತಿದೆಯಲ್ಲ ಮೇಸ್ತ್ರಿ! ಏನಾಗಿತ್ತು?’

‘ಪ್ಲೇಟು ತಿರುಗಿ ಕೂತಿತ್ತು.’

ಅಷ್ಟೇ. ಮೂರು ಪದ. ಬಾಯಿಂದ ಬಿದ್ದ ಮೇಲೆ ಹೆಕ್ಕಿಕೊಳ್ಳಲು ಆಗಲಿಲ್ಲ. ‘ನನ್ನ ಮ್ಯಾಟುಗಳೆಲ್ಲಿ?’ ಎಂದಳು ನರ್ಸಮ್ಮ. ‘ಕೊಳೆತು ಹೋಗಿದ್ವು, ಎಸೆದೆ. ನೆಲದ ತೂತಿಗೆ ತಗಡು ಹಾಕಿ ಬೆಸುಗೆ ಮಾಡಿದ್ದೀನಿ, ತೆಳು ಮ್ಯಾಟ್ ಒಂದೇ ಸಾಕು,’ ಎಂದ. ಪಾಪ, ಅವಳು ಹರಸಿ ಹೋದಳು. ಟೈರಿನವನು ‘ಮುದುಕನಿಗೆ ಕಣ್ಣು ಹೋಯ್ತು ಅನ್ನಿ’ ಎಂದು ನಾಲಿಗೆ ಲೊಚಗುಟ್ಟಿಸಿ, ಬೀದಿಯ ಆ ತುದಿಗೆ ಸುದ್ದಿ ಮುಟ್ಟಿಸಲು ಹೊರಟ.

ಭಾವ ಬಂದದ್ದು ಮಂಗಳವಾರ. ಕೆಲಸಕ್ಕಲ್ಲ, ತನ್ನ ಪೆಟ್ಟಿಗೆ ಒಯ್ಯಲು. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ. ಶೆಡ್ಡಿನಲ್ಲಿ ಇಬ್ಬರೇ ಇದ್ದರು. ಮೇಸ್ತ್ರಿ ಬೆನ್ನು ಹಾಕಿ ನಿಂತು ಎಂಥದ್ದೋ ಉಜ್ಜುತ್ತಿದ್ದ. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಭಾವ ಪೆಟ್ಟಿಗೆ ಮುಚ್ಚಿ, ಹತ್ತಿರ ಬಂದು, ಮೆಲ್ಲಗೆ ಕೇಳಿದ, ‘ನಿಜವಾಗ್ಲೂ ತಿರುಗಿತ್ತೇನೋ?’

ಜಗಳದ ದನಿಯಲ್ಲ ಅದು. ವೈದ್ಯರನ್ನು ಕೇಳುವ ದನಿ.

‘ಹೂಂ,’ ಎಂದ ಮೇಸ್ತ್ರಿ.

ಭಾವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ‘ಹಾಗಾದ್ರೆ ನೀನು ಹೇಳಿದ್ದು ಸರಿ ಬಿಡು,’ ಎಂದು ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಹೋದ. ಹದಿನಾಲ್ಕರ ರಿಂಗ್ ಸ್ಪ್ಯಾನರ್ ಒಂದು ಬೆಂಚಿನ ಮೇಲೇ ಉಳಿದಿತ್ತು. ಮರೆತದ್ದೋ ಬಿಟ್ಟದ್ದೋ. ಮೇಸ್ತ್ರಿ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದ. ಅದರಿಂದ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ.

ಆಮೇಲಿನ ಹನ್ನೊಂದು ವರ್ಷ ಭಾವ ಯಾವ ಶೆಡ್ಡಿಗೂ ಹೋಗಲಿಲ್ಲ. ಮನೆಯ ಮುಂದೆ ಸೈಕಲ್ ಪಂಕ್ಚರ್ ಹಾಕಿದ, ನೀರಿನ ಪಂಪ್ ರಿಪೇರಿ ಮಾಡಿದ. ಕಾರು ತಂದು ನಿಲ್ಲಿಸಿದವರನ್ನು ‘ನಮ್ಮ ಹುಡುಗನ ಹತ್ರ ಹೋಗಿ’ ಎಂದು ಇದೇ ಶೆಡ್ಡಿಗೆ ಕಳಿಸುತ್ತಿದ್ದ. ಅವರು ಬಂದು ‘ನಿಮ್ಮ ಭಾವ ಹೇಳಿದ್ರು’ ಎಂದಾಗಲೆಲ್ಲ ಮೇಸ್ತ್ರಿ ಕಾರಣವಿಲ್ಲದೆ ಅವರ ಮೇಲೆ ಹಾರಾಡುತ್ತಿದ್ದ.

ಹೇಳಬೇಕೆಂದು ಹೊರಡದೆ ಇರಲಿಲ್ಲ. ಒಂದು ಸಲ ಅಕ್ಕನ ಮನೆಯ ಬೀದಿಯ ತಿರುವಿನವರೆಗೆ ಹೋಗಿ, ಭಾವ ಜಗಲಿಯಲ್ಲಿ ಕೂತು ಯಾರ ಜೊತೆಗೋ ನಗುವುದನ್ನು ಕಂಡು, ಮರೆತಿದ್ದಾನೆ, ಕೆದಕುವುದೇಕೆ ಎಂದು ತಿರುಗಿದ. ಇನ್ನೊಂದು ಸಲ ಭಾವನಿಗೆ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತ. ಪಟ್ಟಿ ಕಟ್ಟಿದ ಮುಖ, ನೋಡುವ ಕಣ್ಣಿಲ್ಲ. ಹೇಳಲು ಅದಕ್ಕಿಂತ ಸಲೀಸು ಹೊತ್ತು ಎಲ್ಲಿ ಸಿಕ್ಕೀತು?

‘ಭಾವ, ಆ ನರ್ಸಮ್ಮನ ಗಾಡಿ…’

‘ಬಿಡೋ, ಆ ಮಾತು ಯಾಕೀಗ,’ ಎಂದ ಭಾವ, ಕೈ ತಡಕಿ ಇವನ ಮೊಣಕಾಲು ತಟ್ಟಿ. ‘ನನ್ನ ತಪ್ಪಿಗೆ ನೀನ್ಯಾಕೆ ಬೇಜಾರು ಮಾಡ್ಕೊಳ್ತೀಯ. ಊಟ ಆಯ್ತಾ?’

ಊಟ ಆಯಿತು ಎಂದು ಎದ್ದು ಬಂದ. ಮನೆಗೆ ಬಂದು ಹೆಂಡತಿ ಬಡಿಸಿದ ತಟ್ಟೆಯನ್ನು ಉಪ್ಪು ಹೆಚ್ಚಾಗಿದೆ ಎಂದು ತಳ್ಳಿದ. ‘ಉಪ್ಪಿನ ಡಬ್ಬ ಖಾಲಿಯಾಗಿ ಎರಡು ದಿನ ಆಯ್ತು, ಹಾಕಿಯೇ ಇಲ್ಲ,’ ಎಂದಳು ಅವಳು. ಅವಳಿಗೂ ಅವನು ಏನನ್ನೂ ಹೇಳಿರಲಿಲ್ಲ. ಒಮ್ಮೆ ಶೆಡ್ಡಿನ ಅಟ್ಟ ಗುಡಿಸಲು ಬಂದವಳು ನಾರಿನ ಕಾಲೊರಸನ್ನು ಎಳೆದು ‘ಈ ಇಲಿಗೂಡನ್ನ ಯಾಕಿಟ್ಟುಕೊಂಡಿದೀರಿ, ಬಿಸಾಕ್ಲಾ?’ ಎಂದಾಗ, ಬೀದಿಗೆಲ್ಲ ಕೇಳುವ ಹಾಗೆ ‘ಮುಟ್ಟಬೇಡ!’ ಎಂದು ಕೂಗಿದ್ದ.

ಭಾವ ಹೋದದ್ದು ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಮೇಸ್ತ್ರಿ ಹೆಗಲು ಕೊಟ್ಟ. ನಾಲ್ಕು ಜನರ ಮುಂದೆ ಅಳು ಬರಲಿಲ್ಲ. ‘ಕಲ್ಲೆದೆಯವನು’ ಎಂದರು ಜನ.

ಮೊನ್ನೆ ಅಕ್ಕ ಫೋನ್ ಮಾಡಿದಳು. ‘ನಿಮ್ಮ ಭಾವನ ಹಳೇ ಕಾರು ನಿಂತಲ್ಲೇ ನಿಂತಿದೆ ಕಣೋ. ಅಳಿಯಂದ್ರು ಒಯ್ತೀನಿ ಅಂದ್ರು, ಗೇರೇ ಬೀಳ್ತಿಲ್ವಂತೆ. ಬಂದು ನೋಡು. ನೀನಲ್ದೆ ಇನ್ಯಾರನ್ನ ಕರೀಲಿ?’

ಮನೆಯ ಪಕ್ಕದ ಸಂದಿಯಲ್ಲಿ ತಗಡಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ಮೇಸ್ತ್ರಿ ಹತ್ತಿರ ಹೋದ. ಅಭ್ಯಾಸಬಲದಿಂದ ಕಿಟಕಿಯಿಂದ ಕೈ ತೂರಿಸಲು ಹೋದವನು ಕೈ ಹಿಂದಕ್ಕೆ ತೆಗೆದ. ಹಿಂದೆ ಮುಂದೆ ನೋಡಿ, ಚಪ್ಪಲಿ ಬಿಟ್ಟು, ಎರಡನ್ನೂ ಬಾಗಿಲ ಕೆಳಗೆ ಜೋಡಿಸಿಟ್ಟು ಹತ್ತಿ ಕೂತ.

ಇಂಜಿನ್ ಆಫ್‌ನಲ್ಲಿ ಎಲ್ಲ ಗೇರೂ ಬಿದ್ದವು. ಸ್ಟಾರ್ಟ್ ಮಾಡಿದ, ಒಂದೂ ಬೀಳಲಿಲ್ಲ. ಕಣ್ಣು ಮುಚ್ಚಿ ಪೆಡಲ್ ಒತ್ತಿದ. ಅರ್ಧದವರೆಗೆ ಪೆಡಲಿಗೆ ಬಲವೇ ಇಲ್ಲ, ಸತ್ತ ಹಾವಿನ ಹಾಗೆ ಕೆಳಗೆ ಹೋಯಿತು. ಬಿಟ್ಟು ಒತ್ತಿದ, ಬಿಟ್ಟು ಒತ್ತಿದ. ಮೂರನೇ ಸಲಕ್ಕೆ ಕಾಲಡಿ ಬಲ ಬಂತು, ಗೇರು ಬಿತ್ತು. ಪಂಪ್ ಮಾಡಿದರೆ ಬೀಳುತ್ತದೆ ಎಂದರೆ ಕ್ಲಚ್ಚಿನ ಆಯಿಲ್ ಎಲ್ಲೋ ಸೋರಿ ಗಾಳಿ ಸೇರಿದೆ. ಪೆಡಲಿನ ಬುಡದಲ್ಲಿ ಬೆರಳಾಡಿಸಿದ. ಒದ್ದೆ. ಆಯಿಲ್ ತಳ್ಳುವ ಮೇಲಿನ ಸಿಲಿಂಡರಿನ ರಬ್ಬರ್ ಹೋಗಿತ್ತು. ಎಲ್ಲ ಸೇರಿ ಐದು ನಿಮಿಷ ಹಿಡಿಯಲಿಲ್ಲ. ಕಾಲು ಎಷ್ಟು ಸುಲಭವಾಗಿ ಹೇಳಿತು!

ಒದ್ದೆಯಾದ ಮ್ಯಾಟನ್ನು ತೆಗೆಯಲು ಬಗ್ಗಿದ. ತೆಳುವಾದ ಒಂದೇ ಮ್ಯಾಟು. ಅದರ ಮೂಲೆಯಲ್ಲಿ ಬಿಳಿ ಪೇಂಟಿನಿಂದ ದಪ್ಪಕ್ಷರದಲ್ಲಿ ‘ಮೇಲೆ’ ಎಂದು ಬರೆದಿತ್ತು.

ಮ್ಯಾಟಿಗೆ ಮೇಲು ಕೆಳಗು ಬರೆಯುವವರು ಯಾರು? ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದ. ಅಕ್ಕ ಟೀ ಇಟ್ಟಿದ್ದಳು. ಆಗ ಅವನ ಕಣ್ಣಿಗೆ ಬೀಳತೊಡಗಿತು. ಟಾರ್ಚಿನ ಮುಚ್ಚಳದಲ್ಲಿ ಬಿಳಿ ಚುಕ್ಕೆ, ಟಾರ್ಚಿನ ಮೈಯಲ್ಲಿ ಇನ್ನೊಂದು, ಎರಡೂ ಸೇರುವಂತೆ. ನೀರಿನ ಫಿಲ್ಟರಿನ ಬಟ್ಟಲಿಗೆ ಬಾಣದ ಗುರುತು. ಗೋಡೆ ಗಡಿಯಾರದ ಹಿಂದೆ, ಕಿಟಕಿಯ ಚಿಲಕಕ್ಕೆ, ಕುಕ್ಕರಿನ ರಬ್ಬರಿಗೆ, ಕನ್ನಡಕದ ಡಬ್ಬಿಗೆ. ಎರಡು ಮುಖ ಇರುವ ಯಾವ ವಸ್ತುವೂ ಆ ಮನೆಯಲ್ಲಿ ಗುರುತಿಲ್ಲದೆ ಇರಲಿಲ್ಲ.

‘ಇದೇನಕ್ಕ ಇದೆಲ್ಲ?’

‘ಅಯ್ಯೋ, ಅದೊಂದು ಹುಚ್ಚು ನಿಮ್ಮ ಭಾವನಿಗೆ,’ ಅಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಶೆಡ್ಡು ನಿನಗೆ ಬಿಟ್ಟು ಬಂದ ಮೇಲೆ ಶುರು. ಯಾವುದನ್ನು ಬಿಚ್ಚಬೇಕಾದ್ರೂ ಮೊದಲು ಪೇಂಟ್ ಡಬ್ಬಿ ತಗೊಂಡು ಕೂರೋರು. ನನ್ನ ಚಪಾತಿ ಮಣೆಗೂ ಹಾಕಿದ್ರು ಅಂತೀನಿ! ನನಗೂ ಒಂದು ಬರೀರಿ ಹಣೆ ಮೇಲೆ, ಮುಂದೆ ಯಾವುದು ಹಿಂದೆ ಯಾವುದು ಅಂತ, ಅಂದೆ. ನಗಲಿಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಕಣೆ, ಅಂದ್ರು.’

ಮೇಸ್ತ್ರಿಯ ಕೈಯಲ್ಲಿ ಟೀ ಲೋಟ ಹಾಗೇ ಇತ್ತು.

‘ಕೆಲವು ದಿನ ಊಟಕ್ಕೆ ಕೂತ್ರೆ ತಟ್ಟೆಯನ್ನ ಹೀಗೆ ಎತ್ತಿ ಹಿಡಿಯೋರು. ಉಬ್ಬು ಈ ಕಡೆ, ಹೀಗೇ ಹಿಡಿದಿದ್ದೆ, ಹೀಗೇ ಕೂರಿಸಿದ್ದೆ, ಅದು ಹೇಗೆ ತಿರುಗ್ತು, ಅಂತ ತಟ್ಟೆ ಜೊತೆ ಮಾತಾಡೋರು. ಬಿಡ್ರಿ, ಒಂದು ಸಲ ತಪ್ಪಾಗುತ್ತೆ ಅಂದ್ರೆ, ಹುಡುಗ ಬಿಚ್ಚಿ ನೋಡಿದಾನಲ್ಲೇ, ಅವನು ಸುಳ್ಳು ಹೇಳ್ತಾನಾ, ಅನ್ನೋರು.’ ಅಕ್ಕ ಖಾಲಿ ಪಾತ್ರೆ ಎತ್ತಿಟ್ಟಳು. ‘ಪಾಪ, ನಿನ್ನ ಮೇಲೆ ಒಂದು ದಿನ ಬೇಜಾರು ಮಾಡ್ಕೊಂಡವರಲ್ಲ. ಟೀ ಕುಡಿ, ಆರುತ್ತೆ.’

ಇಷ್ಟು ವರ್ಷ ಅವನು ತನಗೆ ತಾನೇ ಹೇಳಿಕೊಂಡದ್ದು ಒಂದೇ. ಭಾವನಿಗೆ ಒಳಗೊಳಗೆ ಗೊತ್ತಿರುತ್ತದೆ, ಅಷ್ಟು ದೊಡ್ಡ ಕೆಲಸಗಾರನಿಗೆ ತಾನು ಸರಿಯಾಗಿ ಕೂರಿಸಿದ್ದು ಗೊತ್ತಿಲ್ಲದೆ ಇರುತ್ತದೆಯೇ, ಸಿಟ್ಟಿಗೆ ಬೇಕೆಂದೇ ಸುಮ್ಮನಿದ್ದಾನೆ, ಎಂದು. ಆ ಸಿಟ್ಟಿನ ಎದುರಿಗೆ ತನ್ನ ಸಿಟ್ಟನ್ನು ನಿಲ್ಲಿಸಿ ಲೆಕ್ಕ ಸರಿ ಮಾಡಿಕೊಂಡಿದ್ದ. ಭಾವನ ಕಡೆ ಸಿಟ್ಟೇ ಇರಲಿಲ್ಲ. ನಂಬಿಕೆ ಇತ್ತು. ತನ್ನ ಕೈಗಿಂತ ಇವನ ಬಾಯಿಯನ್ನು ಹೆಚ್ಚು ನಂಬಿದ್ದ.

ಅಕ್ಕನಿಗಾದರೂ ಹೇಳಬಹುದು. ಅವಳಿದ್ದಾಳೆ, ಕೇಳುವ ಕಿವಿ ಇದೆ. ‘ಅಕ್ಕ,’ ಎಂದ. ಅವಳು ತಿರುಗಿದಳು. ಮೂರು ತಿಂಗಳಲ್ಲಿ ಅವಳ ಮುಖ ಸಣ್ಣದಾಗಿತ್ತು. ಹೇಳಿದರೆ ಭಾವನ ಹೆಸರಿಗೆ ಹತ್ತಿದ ಮಸಿ ಹೋಗುತ್ತದೆ. ಆದರೆ ಹನ್ನೊಂದು ವರ್ಷ ತಟ್ಟೆ ಎತ್ತಿ ಹಿಡಿದ ಗಂಡನ ಎದುರಿಗೆ ಕೂತು ಉಂಡವಳಿಗೆ ಅದು ಯಾರಿಂದ ಆಯಿತು ಎಂಬುದೂ ಗೊತ್ತಾಗುತ್ತದೆ. ಇವಳಿಗೆ ಉಳಿದ ತವರು ಎಂದರೆ ತಾನೊಬ್ಬ. ಅವಳ ಮೇಲಿನ ಕನಿಕರಕ್ಕೆ ಸುಮ್ಮನಿದ್ದೇನೆ ಎಂದು ಎದೆ ಹೇಳಿತು. ಸುಳ್ಳು, ನಿನ್ನ ಹೆದರಿಕೆಗೆ, ಎಂದು ಅದೇ ಎದೆ ಹೇಳಿತು.

‘ಏನೋ?’

‘ಸಿಲಿಂಡರಿನ ರಬ್ಬರ್ ಹೋಗಿದೆ. ನಾಳೆ ತಂದು ಹಾಕ್ತೀನಿ.’

ಮಾರನೇ ದಿನ ಹಾಕಿದ. ಪೈಪಿನ ಗಾಳಿ ತೆಗೆದ, ಆಯಿಲ್ ತುಂಬಿದ, ಬರಿಗಾಲಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದ. ಮ್ಯಾಟನ್ನು ಸೋಪು ಹಾಕಿ ತೊಳೆದು, ಬಿಳಿ ಅಕ್ಷರ ಅಳಿಸದ ಹಾಗೆ ಒರೆಸಿ, ‘ಮೇಲೆ’ ಎಂದಿದ್ದ ಬದಿಯನ್ನು ಮೇಲೆ ಮಾಡಿ ಹಾಸಿದ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ‘ನಿನಗೆಷ್ಟು ಕೊಡ್ಬೇಕೋ? ಬಿಟ್ಟಿ ಬೇಡ, ಅವರಿಗೆ ಸರಿಬರ್ತಿರಲಿಲ್ಲ.’

‘ನೀನೇನೂ ಕೊಡೋದಿಲ್ಲಕ್ಕ. ನಾನೇ ಭಾವನಿಗೆ ಕೊಡೋದು ಉಳ್ಕೊಂಡಿದೆ.’ ಬಾಯಿ ತಾನಾಗಿ ತೆರೆದುಕೊಂಡಿತ್ತು. ಇನ್ನೊಂದು ವಾಕ್ಯ ಬಂದಿದ್ದರೆ ಎಲ್ಲ ಬರುತ್ತಿತ್ತು.

ಅಕ್ಕನ ಮುಖ ಅರಳಿತು. ‘ಆ ಹದಿನಾಲ್ಕರ ಸ್ಪ್ಯಾನರ್ ತಾನೇ? ನನಗೆ ಗೊತ್ತು ಬಿಡೋ! ಅವನಿಗಂತಲೇ ಬಿಟ್ಟು ಬಂದೆ, ವಾಪಸ್ ಕೇಳ್ಬೇಡ, ಅಂದಿದ್ರು ಅವತ್ತೇ. ಅದೇ ತಾನೇ ನೀನು ಹೇಳ್ತಿರೋದು?’

ಮೇಸ್ತ್ರಿ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.

‘ಹೂಂ ಅಕ್ಕ,’ ಎಂದ.